ಕೋಲಿಲ್ಲದ ಮೇಳನಾಯಕ

ಜೊಯಿಡಾ, ದಾಂಡೇಲಿ, ಹಳಿಯಾಳದ ಕಡೆಯಿಂದ ಮುಂಡಗೋಡದ ಟಿಬೆಟನ್ನರ ಲಾಮಾ ಕ್ಯಾಂಪಿಗೆ ಹೋಗುವ ನಮ್ಮವರು ಮಂದಿರದ ಬಣ್ಣ ನೋಡಿ, ಬುದ್ಧನಿಗೆ ಕೈಮುಗಿದು, ಮೊಮೊ ತಿಂದು ಮರಳುತ್ತಾರೆ. ಒಳಗೆ ನಡೆಯುವ ಪಠಣವನ್ನು ಸಂಗೀತವೆಂದು ಕೂತು ಕೇಳುವವರು ಕಡಿಮೆ. ಕೇಳಬೇಕು. ಅದಕ್ಕೂ ಹೆಚ್ಚಾಗಿ, ಆ ಮೇಳವನ್ನು ನಡೆಸುವ ಉಮ್ಜೆಯವರನ್ನು ಗಮನಿಸಬೇಕು.

ಉಮ್ಜೆ ಎದುರು ನಿಂತು ಕೈಬೀಸುವುದಿಲ್ಲ. ಸಾಲಿನಲ್ಲೇ ಕೂತು ಮೊದಲ ಪದವನ್ನು ಒಬ್ಬರೇ ಎತ್ತಿಕೊಳ್ಳುತ್ತಾರೆ. ಶ್ರುತಿ, ನಡೆ ಎರಡೂ ಆ ಕಂಠದಿಂದಲೇ ಹೊರಡಬೇಕು; ಉಳಿದವರು ಅದರೊಳಗೆ ಸೇರಿಕೊಳ್ಳುತ್ತಾರೆ. ಎಲ್ಲಿ ನಿಲ್ಲಬೇಕು, ಎಲ್ಲಿ ಡೋಲು ಬರಬೇಕು ಎಂಬುದನ್ನು ಕೈಯಲ್ಲಿನ ತಾಳ ಹೇಳುತ್ತದೆ. ದನಿಯ ಏರಿಳಿತವನ್ನು ಬಾಗುಗೆರೆಗಳಲ್ಲಿ ಬರೆದಿಡುವ ಯಾಂಗ್‌ಯಿಗ್ ಎಂಬ ಲಿಪಿಯುಂಟು. ಆದರೆ ಆ ಗೆರೆ ಗುರುವಿನ ಬಾಯಲ್ಲಿ ಕೇಳಿದವರಿಗೆ ಮಾತ್ರ ಅರ್ಥವಾಗುವಂಥದ್ದು.

ಇದನ್ನು ಕೇಳುವಾಗ ನನಗೆ ನೆನಪಾಗುವುದು ಯುರೋಪಿನ ಬರೋಕ್ ಸಂಗೀತ. 1600ರಿಂದ 1750ರವರೆಗಿನ ಆ ಕಾಲದಲ್ಲೂ ಮೇಳವನ್ನು ನಡೆಸುವವರು ಸಾಮಾನ್ಯವಾಗಿ ಆರ್ಗನ್ ಅಥವಾ ಪಿಟೀಲು ನುಡಿಸುತ್ತಲೇ, ಒಳಗಿದ್ದುಕೊಂಡೇ ನಡೆಸುತ್ತಿದ್ದರು. ಕೋಲು ಹಿಡಿದು ನಿಲ್ಲುವವರು ಮುಖ್ಯರಾದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಆದರೆ ಅಲ್ಲಿ ಪರಂಪರೆಯ ಎಳೆ ಕಡಿದಿತ್ತು. ಬಾಖ್‌ನ ‘ಸೇಂಟ್ ಮ್ಯಾಥ್ಯೂ ಪ್ಯಾಶನ್’ ಬಹುಕಾಲ ಮೂಲೆಗುಂಪಾಗಿದ್ದು, 1829ರಲ್ಲಿ ಬರ್ಲಿನ್‌ನಲ್ಲಿ ಮೆಂಡೆಲ್ಸನ್ ಕೈಯಲ್ಲಿ ಮತ್ತೆ ದನಿಯಾಯಿತು. ಇಪ್ಪತ್ತನೆಯ ಶತಮಾನದಲ್ಲಿ ಹಾರ್ನನ್‌ಕೋರ್ಟ್, 1964ರಲ್ಲಿ ಮಾಂಟೆವರ್ಡಿ ಮೇಳ ಕಟ್ಟಿದ ಗಾರ್ಡಿನರ್ ಮೊದಲಾದವರು ಹಳೆಯ ವಾದ್ಯ, ಹಳೆಯ ಹಸ್ತಪ್ರತಿ ಹುಡುಕಿ ಕಳೆದುಹೋದ ಕ್ರಮವನ್ನು ಮತ್ತೆ ಕಟ್ಟುವುದರಲ್ಲೇ ಬಾಳು ಕಳೆದರು. ಮುಂಡಗೋಡದ ಕತೆ ಬೇರೆ. ಟಿಬೆಟ್‌ನಲ್ಲಿ 1409ರಲ್ಲಿ ಗಾಂದೆನ್, 1416ರಲ್ಲಿ ಡ್ರೆಪುಂಗ್ ಮಠಗಳು ಹುಟ್ಟಿದವು. 1959ರಲ್ಲಿ ಅಲ್ಲಿಂದ ಹೊರಟ ಭಿಕ್ಷುಗಳು ಬಂಗಾಳದ ಬಕ್ಸಾ ಶಿಬಿರದಲ್ಲಿ ಸುಮಾರು ಹತ್ತು ವರ್ಷ ಕಳೆದು ಇಲ್ಲಿಗೆ ಬಂದು ಅದೇ ಹೆಸರಿನ ಮಠಗಳನ್ನು ಕಟ್ಟಿದರು. ಮಂದಿರ ಹಿಂದೆ ಉಳಿಯಿತು, ಪಠಣ ಗಂಟಲಲ್ಲಿ ಬಂತು. ಕಷ್ಟದಲ್ಲೂ ಕಡಿಯದ ಈ ಪರಂಪರೆಯನ್ನು ನಾನು ಬರೋಕ್‌ನ ಪುನರುಜ್ಜೀವನಕ್ಕಿಂತ ದೊಡ್ಡ ಸಾಧನೆ ಎಂದೇ ಎಣಿಸುತ್ತೇನೆ.

ಹಾಗಿದ್ದೂ ಹೊರದೇಶದ ವೇದಿಕೆಯಲ್ಲಿ ಇದು ಸೊರಗುತ್ತದೆ. ಡ್ರೆಪುಂಗ್ ಲೋಸೆಲಿಂಗ್ ಮಠದ ತಂಡಗಳು ದಶಕಗಳಿಂದ ಅಮೆರಿಕದಲ್ಲಿ ಸುತ್ತುತ್ತಿವೆ. ಅಲ್ಲಿ ಮುಂದಿಡುವುದು ಒಂದೇ ಕಂಠದಿಂದ ಹಲವು ಸ್ವರ ಹೊರಡುವ ಆಳದ ದನಿಯನ್ನು. ಧರ್ಮಗಳ ವಿದ್ವಾಂಸ ಹ್ಯೂಸ್ಟನ್ ಸ್ಮಿತ್ ಮತ್ತು ಸಂಗಡಿಗರು 1967ರಲ್ಲಿ ಇದರ ಧ್ವನಿವಿಜ್ಞಾನವನ್ನು ಬರೆದಂದಿನಿಂದ ಕೇಳುಗರಿಗೆ ಇದೊಂದು ಬೆರಗು. ಬೆರಗು ನಿಜವೇ. ಆದರೆ ಕೆಲವು ನಿಮಿಷದ ತುಣುಕಿನಲ್ಲಿ ಉಮ್ಜೆಯ ಕಸುಬು ಕಾಣುವುದಿಲ್ಲ. ಮಂದಿರದಲ್ಲಿ ಗಂಟೆಗಟ್ಟಲೆ ಪಠಣ ಸಾಗುತ್ತದೆ, ನಡುವೆ ಚಹಾ ಬರುತ್ತದೆ, ಎಳೆಯ ಹುಡುಗರ ದನಿ ಮುಂದೋಡುತ್ತದೆ, ಮುದುಕರದು ಹಿಂದುಳಿಯುತ್ತದೆ. ಇಷ್ಟನ್ನೂ ಗದರದೆ ಒಂದೇ ನಡೆಗೆ ತರುವುದೇ ಅವರ ವಿದ್ಯೆ. ಅದಕ್ಕೆ ಮುಂಡಗೋಡದ ನೆಲದ ಮೇಲೆಯೇ ಕೂರಬೇಕು.

ಈ ಕಸುಬಿನ ಏಣಿಯೂ ಅಪೂರ್ವ. ಈ ಮಠಗಳ ಗೆಲುಗ್ ಪಂಥದ ಎರಡು ತಾಂತ್ರಿಕ ವಿದ್ಯಾಪೀಠಗಳಲ್ಲಿ (ಅವುಗಳಲ್ಲೊಂದಾದ ಗ್ಯುಮೆ ನಮ್ಮ ಹುಣಸೂರಿನ ಬಳಿಯಿದೆ) ಲಾಮಾ ಉಮ್ಜೆ ಆದವರು ಮುಂದೆ ಮಠಾಧಿಪತಿಯಾಗುತ್ತಾರೆ. ಮಾಜಿ ಅಧಿಪತಿಗಳ ಸಾಲಿನಿಂದಲೇ, ಹಿರಿತನದ ಮೇರೆಗೆ, ಗಾಂದೆನ್ ತ್ರಿಪಾ ಅಂದರೆ ಇಡೀ ಪಂಥದ ಪೀಠಾಧಿಪತಿ ಬರುತ್ತಾರೆ. 102ನೆಯ ಗಾಂದೆನ್ ತ್ರಿಪಾ, ಲಡಾಖಿನ ರಿಜೋಂಗ್ ರಿನ್‌ಪೊಚೆ ಗ್ಯುಮೆಯ ಅಧಿಪತಿಯಾಗಿದ್ದವರು. ಪಠಣ ನಡೆಸುವ ಹೊಣೆಯನ್ನು ಧರ್ಮ ನಡೆಸುವ ಹೊಣೆಯ ಮೊದಲ ಮೆಟ್ಟಿಲೆಂದು ನಂಬುವ ವ್ಯವಸ್ಥೆಯಿದು. ಹುಟ್ಟಿನ ಹಕ್ಕಿಗೆ ಇಲ್ಲಿ ಜಾಗವಿಲ್ಲ.

ಹೆಣ್ಣುಮಕ್ಕಳಿಗೆ ಮಾತ್ರ ಈ ಏಣಿ ಇಲ್ಲ. 2016ರಲ್ಲಿ ಮುಂಡಗೋಡದ ಡ್ರೆಪುಂಗ್‌ನಲ್ಲೇ 20 ಭಿಕ್ಷುಣಿಯರು ಮೊದಲ ಬಾರಿಗೆ ಗೆಶೆಮಾ ಪದವಿ, ಅಂದರೆ ಭಿಕ್ಷುಗಳ ಉನ್ನತ ಗೆಶೆ ಪದವಿಗೆ ಸಮನಾದದ್ದನ್ನು ಪಡೆದರು. ಗೆಶೆ ಪದವಿಯಾದ ಪುರುಷರಿಗೆ ಮುಂದಿನ ದಾರಿ ತಾಂತ್ರಿಕ ವಿದ್ಯಾಪೀಠ. ಅಷ್ಟೇ ಓದಿದ ಈ ಹೆಂಗಸರಿಗೆ ಆ ಪೀಠಗಳ ಏಣಿ ತೆರೆಯದಿರುವುದು ಈ ಪರಂಪರೆಯ ದೊಡ್ಡ ಕೊರತೆ. ಇಲ್ಲಿನ ಜಾಂಗ್‌ಚುಬ್ ಚೋಲಿಂಗ್ ಭಿಕ್ಷುಣಿ ಮಠದಲ್ಲಿ ಪಠಣ ಎತ್ತಿಕೊಳ್ಳುವ ಕಂಠಗಳಿಗೂ ಆ ಮೆಟ್ಟಿಲು ಸಿಗಬೇಕು.