ಜಾಲಂಧ್ರವೊ ಶ್ರೇಣಿಯೊ: ಒಂದು ಪರಿಭಾಷಾವಿಮರ್ಶೆ

ಶಾಸ್ತ್ರಪದಗಳನ್ನು ಕನ್ನಡಿಸುವಾಗ ಪೂರ್ವಪರಿಚಿತವಾದ ವಸ್ತುವಿನ ಹೆಸರನ್ನು ಎರವು ಪಡೆಯುವುದು ವಾಡಿಕೆ. ಅರ್ಥವು ಬೇಗನೆ ಮನದಟ್ಟಾಗುವುದು ಇದರ ಗುಣ. ಹೆಸರಿನೊಡನೆ ಆ ವಸ್ತುವಿನ ರೂಪವೂ ಬಂದು ಸೇರಿ, ಹೇಳಬೇಕಾದ ತತ್ತ್ವವನ್ನೇ ಮರೆಸುವುದು ದೋಷ. ಬೆಳಕನ್ನು ವಿವರ್ತನೆಗೊಳಿಸುವ ‘ಗ್ರೇಟಿಂಗ್’ ಎಂಬ ಸಾಧನಕ್ಕೆ ‘ಜಾಲಂಧ್ರ’ವೆಂಬ ಹೆಸರು ಸಲ್ಲುವುದೆ ಎಂಬುದು ಈ ದೃಷ್ಟಿಯಿಂದ ವಿಚಾರಾರ್ಹವಾಗಿದೆ.

ಪದಕ್ಕೆ ಅನುಕೂಲವಾದ ವಾದವಿಲ್ಲದೆ ಇಲ್ಲ. ಬೇಲೂರಿನ ದೇಗುಲದ ಜಾಲಂಧ್ರಗಳು ಬೆಳಕನ್ನು ಹದಗೊಳಿಸಿ ಒಳಬಿಡುವುವು. ಜರ್ಮನಿಯ ಫ್ರೌನ್‌ಹೋಫರನು 1821ರಲ್ಲಿ ಸೂಕ್ಷ್ಮತಂತಿಗಳನ್ನು ಒತ್ತೊತ್ತಾಗಿ ಕಟ್ಟಿಯೇ ತನ್ನ ಪ್ರಯೋಗಗಳನ್ನು ನಡೆಸಿದನು. ಇಂಗ್ಲಿಷಿನ ಪದಕ್ಕೂ ಕಂಬಿಗಳ ಚೌಕಟ್ಟು ಎಂಬುದೇ ಮೂಲಾರ್ಥ.

ಆದರೆ ಮುಂದಿನ ಚರಿತ್ರೆಯು ಈ ಸಾಮ್ಯವನ್ನು ಉಳಿಸುವುದಿಲ್ಲ. ಬೆಂಗಳೂರಿನಲ್ಲಿ ಸಿ. ವಿ. ರಾಮನ್ ಮತ್ತು ನಾಗೇಂದ್ರನಾಥರು 1935-36ರಲ್ಲಿ ಪ್ರಕಟಿಸಿದ ಲೇಖನಗಳಲ್ಲಿ ದ್ರವದೊಳಗೆ ಹರಿಯುವ ಶ್ರವಣಾತೀತ ಶಬ್ದತರಂಗವೇ ಬೆಳಕನ್ನು ವಿವರ್ತನೆಗೊಳಿಸುವುದು. ಅಲ್ಲಿ ರಂಧ್ರವಿಲ್ಲ, ಸಮಾಂತರದಲ್ಲಿ ಸಾಂದ್ರವೂ ವಿರಳವೂ ಆದ ಪದರಗಳು ಮಾತ್ರ ಇರುವುವು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಡೇವಿಡ್ ಬ್ಲೂಮ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ ಸಾಧನದಿಂದ ಬೆಳೆದ ‘ಗ್ರೇಟಿಂಗ್ ಲೈಟ್ ವಾಲ್ವ್’ ಇನ್ನೂ ಸ್ಪಷ್ಟವಾದ ನಿದರ್ಶನ. ಸಿಲಿಕಾನ್ ಬಿಲ್ಲೆಯ ಮೇಲೆ ಲೋಹಲೇಪಿತವಾದ ಕಿರುಪಟ್ಟಿಗಳು ಸಾಲಾಗಿರುವುವು. ಎಲ್ಲವೂ ಒಂದೇ ಮಟ್ಟದಲ್ಲಿದ್ದರೆ ಅದು ಕನ್ನಡಿ. ವಿದ್ಯುದಾಕರ್ಷಣೆಯಿಂದ ಒಂದು ಬಿಟ್ಟು ಒಂದು ಪಟ್ಟಿಯು ತರಂಗಾಂತರದ ಕಾಲುಭಾಗದಷ್ಟು, ಎಂದರೆ ಹಸಿರು ಬೆಳಕಿಗೆ ಸುಮಾರು 130 ನ್ಯಾನೊಮೀಟರಿನಷ್ಟು, ಕೆಳಗಿಳಿದರೆ ನೇರವಾಗಿ ಮರಳುವ ಅಲೆಗಳು ಪರಸ್ಪರ ಅಳಿಸಿಹೋಗಿ ಬೆಳಕು ಪಕ್ಕಗಳಿಗೆ ತಿರುಗುವುದು.

ದೇಗುಲದಿಂದಲೇ ಉಪಮಾನವನ್ನು ತರಬೇಕಾದರೆ ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಕಲ್ಲೇಶ್ವರಾಲಯವು ಹೆಚ್ಚು ಸಮರ್ಪಕವಾದುದನ್ನು ಒದಗಿಸುವುದು. 9ನೆಯ ಶತಮಾನದ ಆ ಗುಡಿಯ ಮೇಲ್ಛಾವಣಿಯಲ್ಲಿ ನಟಿಸುವ ಶಿವನೂ ಸುತ್ತಲೂ ಅಷ್ಟದಿಕ್ಪಾಲಕರೂ ರೂಪುಗೊಂಡಿರುವುದು ಕಲ್ಲಿನ ಉಬ್ಬುತಗ್ಗುಗಳಿಂದ. ಬೆಳಕು ಕಲ್ಲನ್ನು ಹಾದುಹೋಗದೆಯೇ ಅಲ್ಲಿ ಆಕೃತಿಯು ಮೂಡುವುದು. ಕಿರುಪಟ್ಟಿಗಳ ಸಾಧನದಲ್ಲಿಯೂ ಪ್ರಧಾನವಾದುದು ರಂಧ್ರವಲ್ಲ, ಮಟ್ಟಗಳ ಭೇದ. ಆದರೆ ಈ ಉಪಮೆಗೂ ಮಿತಿಯುಂಟು: ಶಿಲ್ಪದಲ್ಲಿ ಕತ್ತಲೆಯು ನೆರಳಿನಿಂದ ಬಂದುದು, ಇಲ್ಲಿ ಬೆಳಕಿಗೆ ಬೆಳಕೇ ಸೇರಿ ಕತ್ತಲೆಯಾಗುವುದು.

ತಂತಿ, ಶಬ್ದತರಂಗ, ಪಟ್ಟಿ ಈ ಮೂರಕ್ಕೂ ಸಾಮಾನ್ಯವಾದ ಧರ್ಮವು ಸಮಾಂತರದ ಆವೃತ್ತಿಯೊಂದೇ. ಆದುದರಿಂದ ‘ವಿವರ್ತನಶ್ರೇಣಿ’ ಎಂಬ ಮಾತು ಹೆಚ್ಚು ಯುಕ್ತವಾಗಿ ತೋರುವುದು. ಜಾಲಂಧ್ರವೆಂದು ಕಲಿತ ವಿದ್ಯಾರ್ಥಿಯು ರಾಮನ್ನರ ದ್ರವದಲ್ಲಿಯೂ ರಂಧ್ರವನ್ನೇ ಅರಸುವನು. ಶ್ರೇಣಿಯೆಂದು ಕಲಿತವನು ಕ್ರಮವನ್ನು ಅರಸುವನು. ಅರಸಬೇಕಾದುದು ಅದನ್ನೇ.