ಅಲೆಮಾರಿ ನರ

ಕತ್ತಲಲ್ಲಿ ಹಗ್ಗ ತುಳಿದು ಹಾವೆಂದು ಬೆಚ್ಚಿದವರಿಗೆ ಗೊತ್ತು, ಯೋಚನೆ ಹುಟ್ಟುವ ಮೊದಲೇ ಕಾಲು ಹಿಂದಕ್ಕೆ ಹಾರಿರುತ್ತದೆ. ಎದೆ ಡವಡವ, ಬಾಯೆಲ್ಲ ಒಣಗಿ, ಅಂಗೈ ಬೆವರುತ್ತದೆ. ಮೂತ್ರಪಿಂಡಗಳ ನೆತ್ತಿಯ ಮೇಲೆ ಕೂತ ಪುಟ್ಟ ಗ್ರಂಥಿಗಳು ರಕ್ತಕ್ಕೆ ಅಡ್ರಿನಲಿನ್ ಸುರಿಯುತ್ತವೆ. ಈ ಅಬ್ಬರವನ್ನು ಹೊಗಳುವವರು ಬೇಕಾದಷ್ಟು ಮಂದಿ. ನನಗೆ ಅಕ್ಕರೆ, ಅಬ್ಬರ ಮುಗಿದ ಮೇಲೆ ಮನೆಯನ್ನು ಮತ್ತೆ ಒಪ್ಪ ಮಾಡುವ ವೇಗಸ್ ನರದ ಮೇಲೆ.

ಲ್ಯಾಟಿನ್ನಿನಲ್ಲಿ ವೇಗಸ್ ಎಂದರೆ ಅಲೆಮಾರಿ. ನಮ್ಮ ಕಿವಿಗೆ ಅದರಲ್ಲಿ ‘ವೇಗ’ ಕೇಳಿಸಿದರೂ ಹೃದಯದಲ್ಲಿ ಅದರ ಕೆಲಸ ವೇಗ ತಗ್ಗಿಸುವುದು. ಮಿದುಳಿನ ಬುಡದಿಂದ ಹೊರಟು, ಕೊರಳಿಳಿದು, ಹೃದಯ, ಶ್ವಾಸಕೋಶ, ಜಠರಗಳನ್ನು ಮಾತಾಡಿಸುತ್ತ ಕರುಳಿನವರೆಗೂ ಅಲೆಯುತ್ತದೆ.

1921ರಲ್ಲಿ ಆಸ್ಟ್ರಿಯಾದ ಗ್ರಾಜ್‌ನಲ್ಲಿ ವಿಜ್ಞಾನಿ ಆಟೊ ಲೋವಿ ಕಪ್ಪೆಯ ಹೃದಯವೊಂದರ ವೇಗಸ್ ನರಕ್ಕೆ ವಿದ್ಯುತ್ ಹಾಯಿಸಿದರು. ಬಡಿತ ನಿಧಾನವಾಯಿತು. ಆ ಹೃದಯದೊಳಗಿದ್ದ ದ್ರವವನ್ನು ಇನ್ನೊಂದು ಕಪ್ಪೆಯ ಹೃದಯಕ್ಕೆ ಹಾಕಿದರು. ನರವನ್ನು ಯಾರೂ ಮುಟ್ಟದ ಆ ಹೃದಯವೂ ನಿಧಾನವಾಯಿತು! ನರ ತನ್ನ ಮಾತನ್ನು ರಾಸಾಯನಿಕದಲ್ಲಿ ಆಡುತ್ತದೆಂದು ಹಾಗೆ ತಿಳಿಯಿತು. ಆ ವಸ್ತುವೇ ಅಸಿಟೈಲ್‌ಕೋಲಿನ್. ಈ ಪ್ರಯೋಗ ತಮಗೆ ನಡುರಾತ್ರಿ ನಿದ್ದೆಯಲ್ಲಿ ಹೊಳೆದದ್ದೆಂದು ಲೋವಿಯವರೇ ಹೇಳಿಕೊಂಡಿದ್ದಾರೆ. 1936ರಲ್ಲಿ ಹೆನ್ರಿ ಡೇಲ್ ಜೊತೆ ಅವರಿಗೆ ನೊಬೆಲ್ ಬಂತು.

ವೇಗಸ್‌ನ ಕೆಲಸ ಕಾಣಲು ಪ್ರಯೋಗಶಾಲೆಯೇ ಬೇಕೆಂದಿಲ್ಲ. ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಸುಮ್ಮನೆ ಕೂತುಕೊಳ್ಳಿ. ಉಸಿರು ಎಳೆದಾಗ ನಾಡಿ ಚೂರು ಚುರುಕಾಗುತ್ತದೆ. ಮೆಲ್ಲಗೆ, ಉದ್ದಕ್ಕೆ ಬಿಡುತ್ತ ಹೋದಂತೆ ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಕೂದಲೆಳೆಯಷ್ಟು ಬಿಡುವು ಹೆಚ್ಚುತ್ತದೆ. ಆ ಬಿಡುವು ವೇಗಸ್‌ನದು.