ನೀರು ಬರುವ ಮೊದಲಿನ ಎರಡು ಸೆಕೆಂಡು

ಟರ್ಬೊ ಇಂಜಿನ್ನಿಗೆ ನುಗ್ಗುವ ಬಿಸಿ ಗಾಳಿಯೊಳಗೆ ನೀರು ಮತ್ತು ಮೆಥನಾಲಿನ ಮಿಶ್ರಣವನ್ನು ನುಣ್ಣನೆಯ ತುಂತುರಾಗಿ ಸಿಂಪಡಿಸಿದರೆ, ಅದು ಆವಿಯಾಗುತ್ತ ಗಾಳಿಯ ಶಾಖವನ್ನು ಹೀರಿಕೊಳ್ಳುತ್ತದೆ. ಒಂದು ಕಿಲೋ ಪೆಟ್ರೋಲ್ ಆವಿಯಾಗಲು ಸುಮಾರು 350 ಕಿಲೋಜೌಲ್ ಶಾಖ ಬೇಕು. ಮೆಥನಾಲಿಗೆ ಸುಮಾರು 1,100, ನೀರಿಗೆ 2,250ಕ್ಕೂ ಹೆಚ್ಚು. ಈ ತಂಪನ್ನು ನಂಬಿಯೇ ಟ್ಯೂನರ್ ಬೂಸ್ಟ್ ಏರಿಸುತ್ತಾನೆ, ಇಗ್ನಿಷನ್ ಟೈಮಿಂಗನ್ನು ಮುಂದಕ್ಕೆ ತರುತ್ತಾನೆ. ನಂಬಿದ ನೀರು ನಡುವೆ ಕೈಕೊಟ್ಟರೆ ಅದೇ ಟ್ಯೂನ್ ಇಂಜಿನ್ನನ್ನು ನಾಕಿಂಗ್‌ಗೆ ತಳ್ಳುತ್ತದೆ. ನಾಲ್ಕು ಸಿಲಿಂಡರಿನ ಇಂಜಿನ್ 6000 ಆರ್‌ಪಿಎಮ್‌ನಲ್ಲಿ ಸೆಕೆಂಡಿಗೆ 200 ಸಲ ಉರಿಯುತ್ತದೆ. ನೀರು ನಿಂತದ್ದನ್ನು ಕಂಡು ಇಂಜಿನ್ನನ್ನು ಕಾಯಬೇಕಾದ ಫೇಲ್‌ಸೇಫ್ ಅರ್ಧ ಸೆಕೆಂಡು ತಡಮಾಡಿದರೂ ಅಷ್ಟರಲ್ಲಿ ನೂರು ದಹನಗಳು ಆಗಿಹೋಗಿರುತ್ತವೆ.

ಕಾರ್ಖಾನೆಯಿಂದಲೇ ಇಂಥ ವ್ಯವಸ್ಥೆ ಪಡೆದು ಬಂದ ಕಾರುಗಳು ಕಡಿಮೆ. 1962ರ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್‌ನಲ್ಲಿ ‘ಟರ್ಬೊ ರಾಕೆಟ್ ಫ್ಲೂಯಿಡ್’ ಎಂಬ ಹೆಸರಿನಲ್ಲಿ ಇದೇ ಮಿಶ್ರಣ ಇತ್ತು. ದ್ರವ ತೀರಿದರೆ ಫ್ಲೋಟ್ ಮತ್ತು ವಾಲ್ವ್‌ಗಳ ಜೋಡಣೆಯೊಂದು ಬೂಸ್ಟನ್ನು ತಾನೇ ತಗ್ಗಿಸುತ್ತಿತ್ತು. ಬಿಎಂಡಬ್ಲ್ಯೂ 2015ರಲ್ಲಿ ಪ್ರಕಟಿಸಿದ ಎಂ4 ಜಿಟಿಎಸ್ ಬರಿಯ ನೀರನ್ನು ಬಳಸಿತು. ಡಿಕ್ಕಿಯಲ್ಲಿದ್ದ 5 ಲೀಟರಿನ ಟ್ಯಾಂಕ್ ಬರಿದಾದರೆ ಅದರಲ್ಲೂ ಬೂಸ್ಟ್ ಇಳಿಯುತ್ತಿತ್ತು, ಟೈಮಿಂಗ್ ಹಿಂದೆ ಸರಿಯುತ್ತಿತ್ತು. ಇಂಥ ಕಾರುಗಳಲ್ಲಿ ಟ್ಯಾಂಕು, ಪೈಪು, ಬೂಸ್ಟಿನ ನಿಯಂತ್ರಣ ಎಲ್ಲವೂ ಒಂದೇ ಮೇಜಿನ ಮೇಲೆ ರೂಪುಗೊಂಡವು. ಆಮೇಲೆ ಕಿಟ್ ಕೊಂಡು ಜೋಡಿಸುವ ವ್ಯವಸ್ಥೆಗೆ ಆ ಭಾಗ್ಯವಿಲ್ಲ. ಪಂಪ್ ಒಬ್ಬರದು, ಸೆನ್ಸರ್ ಇನ್ನೊಬ್ಬರದು, ಟ್ಯೂನ್ ಮೂರನೆಯವರದು. ಸಮಯದ ತಕರಾರು ಹುಟ್ಟುವುದು ಇವುಗಳ ಸಂದಿಯಲ್ಲಿ.

ತಕರಾರಿನ ರೂಪ ಸಾಮಾನ್ಯವಾಗಿ ಒಂದೇ. ಆಕ್ಸಲರೇಟರ್ ಪೂರ್ತಿ ತುಳಿದ ಕೂಡಲೇ ಎಚ್ಚರಿಕೆಯ ದೀಪ ಹತ್ತುತ್ತದೆ, ಬೂಸ್ಟ್ ಕುಸಿಯುತ್ತದೆ; ಎರಡನೆಯ ಸಲ ತುಳಿದರೆ ಏನೂ ಆಗದು. ಇದಕ್ಕೆ ರೂಢಿಯಲ್ಲಿರುವ ಮದ್ದು, ಕಂಟ್ರೋಲರಿನ ಡಿಲೇಯನ್ನು, ಅಂದರೆ ಎಚ್ಚರಿಸುವ ಮೊದಲು ಅದು ಕಾಯುವ ಹೊತ್ತನ್ನು, ದೀಪ ಹತ್ತುವುದು ನಿಲ್ಲುವ ತನಕ ಹೆಚ್ಚಿಸುತ್ತ ಹೋಗುವುದು. ದೀಪ ನಿಲ್ಲುತ್ತದೆ, ನಿಜ. ಆದರೆ ನೀರು ಇಂಜಿನ್ ಮುಟ್ಟುತ್ತಿದೆಯೇ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ, ಅದನ್ನು ಕೇಳುತ್ತಿದ್ದ ಒಂದೇ ಒಂದು ಸಾಧನದ ಬಾಯಿ ಮಾತ್ರ ಮುಚ್ಚಿರುತ್ತದೆ. ಮೊದಲ ಸಲ ಮಾತ್ರ ಹತ್ತುವ ದೀಪವನ್ನು ಸುಳ್ಳು ಎಚ್ಚರಿಕೆ ಎಂದು ತಳ್ಳಿಹಾಕುವುದೇ ಈ ರೂಢಿಯ ಮೂಲ ದೋಷ. ಬಹಳ ಸಲ ಆ ದೀಪ ನಿಜವನ್ನೇ ಹೇಳುತ್ತಿರುತ್ತದೆ.

ಏಕೆಂದು ತಿಳಿಯಲು ಪೈಪಿನೊಳಗೆ ನೋಡಬೇಕು. ನಾಝಲ್ ಥ್ರಾಟಲ್‌ನ ಆಚೆ ಇದ್ದರೆ, ನಿಧಾನವಾಗಿ ಓಡಿಸುವಾಗ ಮ್ಯಾನಿಫೋಲ್ಡಿನ ನಿರ್ವಾತ ಪೈಪಿನ ನೀರನ್ನು ಹನಿಹನಿಯಾಗಿ ಎಳೆದುಕೊಳ್ಳುತ್ತದೆ. ಚೆಕ್ ವಾಲ್ವ್ ಸೋರುತ್ತಿದ್ದರೆ ನೀರು ಟ್ಯಾಂಕಿನ ಕಡೆಗೂ ಮರಳುತ್ತದೆ. ಫುಟ್‌ವಾಲ್ವ್ ಸೋರುವ ತೋಟದ ಪಂಪ್‌ಸೆಟ್ ಮರುದಿನ ಬೆಳಿಗ್ಗೆ ಮೊದಲು ಗಾಳಿ ಉಗುಳುವ ಹಾಗೆ ಇಲ್ಲೂ ಮೊದಲು ಹೊರಬರುವುದು ಗಾಳಿ. ಡಿಕ್ಕಿಯಿಂದ ಇಂಜಿನ್ನಿನವರೆಗೆ 3 ಮೀಟರ್ ಪೈಪು, ಒಳವ್ಯಾಸ 4 ಮಿಲಿಮೀಟರ್ ಎಂದುಕೊಂಡರೆ ಅದು ಹಿಡಿಯುವ ದ್ರವ ಸುಮಾರು 38 ಮಿಲಿಲೀಟರ್. ತಡೆಯಿಲ್ಲದ ಪೈಪಿಗೆ ಪಂಪ್ ನಿಮಿಷಕ್ಕೆ 1,200 ಮಿಲಿಲೀಟರ್ ತಳ್ಳುತ್ತದೆಂದರೆ ಸೆಕೆಂಡಿಗೆ 20. ಪೈಪು ಪೂರ್ತಿ ಬರಿದಾಗಿದ್ದರೆ ನಾಝಲ್ ತಲುಪಲು ಹತ್ತಿರ ಹತ್ತಿರ ಎರಡು ಸೆಕೆಂಡು! ಅಷ್ಟು ಹೊತ್ತಿಗೆ ಬೂಸ್ಟ್ ತುದಿ ಮುಟ್ಟಿ ಆಗಿರುತ್ತದೆ.

ಇಲ್ಲೇ ಹರಿವಿನ ಸೆನ್ಸರ್ ಕೂರಿಸಿದ ಜಾಗದ ಮಾತು ಬರುತ್ತದೆ. ಜೋಡಿಸಲು ಸುಲಭವೆಂದು ಹಲವರು ಅದನ್ನು ಪಂಪಿನ ಮಗ್ಗುಲಲ್ಲೇ ಹಾಕುತ್ತಾರೆ. ಪೈಪು ತುಂಬುತ್ತಿರುವ ಆ ಎರಡು ಸೆಕೆಂಡಿನಲ್ಲಿ ಸೆನ್ಸರ್ ಕಾಣುವುದು ನಿಮಿಷಕ್ಕೆ 1,200 ಮಿಲಿಲೀಟರಿನ ಭರ್ಜರಿ ಹರಿವು. ನಾಝಲ್ ನಿಜಕ್ಕೂ ಬಿಡಬೇಕಾದದ್ದು 300 ಇರಬಹುದು. ಕೆಳಮಿತಿಯನ್ನಷ್ಟೇ ನೋಡುವ ಕಂಟ್ರೋಲರ್ ಎಲ್ಲ ಸರಿಯಿದೆ ಎನ್ನುತ್ತದೆ, ಇಂಜಿನ್ನಿಗೆ ಒಂದು ಹನಿಯೂ ಬಿದ್ದಿರುವುದಿಲ್ಲ. ಮೇಲ್ಮಿತಿಯನ್ನೂ ನೋಡುವ ಕಂಟ್ರೋಲರ್ ಪೈಪು ಒಡೆದಿದೆ ಎಂದು ಕೂಗುತ್ತದೆ. ಎರಡೂ ತಪ್ಪು ಓದು, ಆದರೆ ಎರಡನೆಯದರಿಂದ ಇಂಜಿನ್ ಉಳಿಯುತ್ತದೆ. ಸೆನ್ಸರನ್ನು ನಾಝಲ್ ಹತ್ತಿರಕ್ಕೆ ತಂದರೆ ಓದು ಹೆಚ್ಚು ಪ್ರಾಮಾಣಿಕವಾಗುತ್ತದೆ. ಆಗಲೂ ಪೈಪಿನ ಗಾಳಿ ಒಮ್ಮೆಗೇ ನುಗ್ಗಿದಾಗ ಸೆನ್ಸರಿನೊಳಗಿನ ಟರ್ಬೈನ್ ಚಕ್ರ ನೀರಿಲ್ಲದೆಯೇ ತಿರುಗಬಲ್ಲದು ಎಂಬ ಎಚ್ಚರ ಬೇಕು.

ಪರಿಹಾರ ಡಿಲೇಯಲ್ಲಿಲ್ಲ, ನಾಝಲ್ ಪಕ್ಕದಲ್ಲಿ ಕೂರಿಸುವ ಸೊಲೆನಾಯ್ಡ್ ವಾಲ್ವಿನಲ್ಲಿದೆ. ಪೈಪು ಸದಾ ತುಂಬಿರುವಂತೆ ಅದು ಕಾಯುತ್ತದೆ. ಸಿಂಪಡಣೆಯನ್ನು ಬೇಗ, ಅಂದರೆ ಇಂಜಿನ್ನಿಗೆ ನೀರಿನ ಅಗತ್ಯ ಬೀಳುವ ಮೊದಲೇ, ಕಡಿಮೆ ಬೂಸ್ಟಿನಲ್ಲಿ ಸಣ್ಣಗೆ ಶುರುಮಾಡುವುದೂ ಒಳ್ಳೆಯದು. ಫೇಲ್‌ಸೇಫ್ ಎಚ್ಚರಗೊಳ್ಳುವ ಗಡಿಯನ್ನು ಗಡಿಯಾರದಿಂದ ಅಳೆಯುವುದಕ್ಕಿಂತ ಬೂಸ್ಟಿನಿಂದ ಅಳೆಯುವುದು ಮೇಲು: 0.4 ಬಾರ್‌ಗೆ ಸಿಂಪಡಣೆ, 0.8 ಬಾರ್‌ಗೆ ಕಾವಲು ಎಂಬಂತೆ. ಪೆಟ್ರೋಲಿನ ಬಲದಲ್ಲೇ ಸುರಕ್ಷಿತವಾಗಿ ಓಡಬಲ್ಲ ಬೂಸ್ಟ್ ಎಷ್ಟೋ ಅಲ್ಲಿಯ ತನಕ ಕಾಯಬಹುದು, ಅದರಾಚೆ ಕಾಯುವಂತಿಲ್ಲ.

ಒತ್ತಡದ ಸೆನ್ಸರ್ ಬೇಗ ಸ್ಪಂದಿಸುತ್ತದೆ, ಆದರೆ ಅದಕ್ಕೆ ಅರ್ಧ ಸತ್ಯ ಮಾತ್ರ ಗೊತ್ತು. ಪೈಪು ಕಳಚಿದರೆ ಒತ್ತಡ ಬೀಳುವುದನ್ನು ಹೇಳುತ್ತದೆ. ನಾಝಲ್ ಕಟ್ಟಿಕೊಂಡರೆ ಏರಿದ ಒತ್ತಡವನ್ನು ಕಂಡು ನೆಮ್ಮದಿಯಾಗಿರುತ್ತದೆ. ಸೋಪು, ಬಣ್ಣ ಸೇರಿದ ಗಾಜು ತೊಳೆಯುವ ದ್ರವವನ್ನೇ ಟ್ಯಾಂಕಿಗೆ ಸುರಿಯುವವರಿಗೆ ಈ ಎರಡನೆಯ ಪಾಡು ದೂರವಿಲ್ಲ. ಟ್ಯಾಂಕಿನ ಮಟ್ಟದ ಸೆನ್ಸರ್‌ಗೆ ಮಾತ್ರ ಕೆಲವು ಸೆಕೆಂಡಿನ ಡಿಲೇ ನ್ಯಾಯವಾದದ್ದು. ತಿರುವಿನಲ್ಲಿ ದ್ರವ ಹೊಯ್ದಾಡುತ್ತದೆ, ಮತ್ತು ಸೆನ್ಸರ್ ಹೀರುಕೊಳವೆಯ ಬಾಯಿಗಿಂತ ಮೇಲಿದ್ದರೆ ಕೆಳಗೆ ಇನ್ನೂ ದಾಸ್ತಾನಿರುತ್ತದೆ. ಇದೇ ಉದಾರತೆಯನ್ನು ಹರಿವಿನ ಸೆನ್ಸರ್‌ಗೂ ತೋರಿಸುವುದು ಅಪಾಯ. ಸೆನ್ಸರ್‌ಗಳು ಮೂರಿದ್ದರೆ ಡಿಲೇಗಳೂ ಮೂರು ಇರಬೇಕು.

ಪಂಪಿನ ವೇಗವನ್ನೇ ಏರಿಳಿಸಿ ಹರಿವು ಹೊಂದಿಸುವ ಅಗ್ಗದ ಕಿಟ್‌ಗಳಲ್ಲಿ ಇನ್ನೊಂದು ತೊಡಕಿದೆ. ನಾಝಲ್‌ನಲ್ಲಿ ಹರಿವು ಎರಡರಷ್ಟಾಗಲು ಒತ್ತಡದ ವ್ಯತ್ಯಾಸ ನಾಲ್ಕರಷ್ಟಾಗಬೇಕು. ಆ ವ್ಯತ್ಯಾಸದಿಂದ ಬೂಸ್ಟಿನ ಒತ್ತಡವೂ ಕಳೆಯುತ್ತದೆ. ಹೀಗಾಗಿ ಕಂಟ್ರೋಲರ್ ಕೇಳಿದ್ದಕ್ಕೂ ಪಂಪ್ ಕೊಟ್ಟದ್ದಕ್ಕೂ ನೇರ ಅನುಪಾತವಿಲ್ಲ, ಪಂಪ್ ವೇಗ ಹಿಡಿಯಲೂ ಹೊತ್ತು ಬೇಕು. ಪೈಪಿನ ಒತ್ತಡವನ್ನು ಸ್ಥಿರವಾಗಿಟ್ಟು ವಾಲ್ವನ್ನು ಬೇಗಬೇಗ ತೆರೆದು ಮುಚ್ಚುವ ವಿಧಾನ ದುಬಾರಿಯಾದರೂ, ಫೇಲ್‌ಸೇಫ್ ದೃಷ್ಟಿಯಿಂದ ಅದೇ ಮೇಲು. ಅಲ್ಲಿ ನಿರೀಕ್ಷಿತ ಹರಿವನ್ನು ಲೆಕ್ಕ ಹಾಕಿ ಬಿಗಿಯಾದ ಮಿತಿ ಇಡಬಹುದು.

ವೈರಿಂಗ್‌ನದು ಸಣ್ಣ ವಿಷಯ, ಆದರೆ ಮೋಸಗಾರ. ಪಂಪ್ ಶುರುವಾದಾಗ ಎಳೆಯುವ ಕರೆಂಟಿಗೆ ಸೆನ್ಸರಿನ ವೋಲ್ಟೇಜ್ ಕುಸಿದರೆ ಮೊದಲ ಕ್ಷಣದ ಓದು ಕೆಡುತ್ತದೆ. ಎರಡಕ್ಕೂ ಬೇರೆ ಬೇರೆ ಅರ್ಥಿಂಗ್ ಕೊಟ್ಟರೆ ಎಷ್ಟೋ ಸಲ ತಕರಾರು ಅಲ್ಲಿಗೇ ಮುಗಿಯುತ್ತದೆ.

ಪತ್ತೆಗೆ ಇಳಿಯುವವರು ಬೂಸ್ಟ್, ಪಂಪಿನ ಆಜ್ಞೆ, ಹರಿವು, ಫೇಲ್‌ಸೇಫ್ ಔಟ್‌ಪುಟ್, ನಾಕ್ ಸಂಕೇತ ಇವೆಲ್ಲವನ್ನೂ ಒಂದೇ ಗಡಿಯಾರದ ಮೇಲೆ ದಾಖಲಿಸಬೇಕು. ಸೆಕೆಂಡಿಗೆ ನಾಲ್ಕೈದು ಸಲ ಓದುವ ಅಗ್ಗದ ಒಬಿಡಿ ಅಡಾಪ್ಟರ್ 100 ಮಿಲಿಸೆಕೆಂಡಿನ ವ್ಯತ್ಯಾಸವನ್ನು ಕಾಣಲಾರದು. ಫೇಲ್‌ಸೇಫ್ ಕೈಗೊಳ್ಳುವ ಕ್ರಮಕ್ಕೂ ಸಮಯ ಹಿಡಿಯುತ್ತದೆ: ವೇಸ್ಟ್‌ಗೇಟ್ ತೆರೆದರೂ ತಿರುಗುತ್ತಿರುವ ಟರ್ಬೊ ಕೂಡಲೇ ನಿಧಾನವಾಗದು, ಇಗ್ನಿಷನ್ ಟೈಮಿಂಗ್ ಮಾತ್ರ ಮುಂದಿನ ದಹನಕ್ಕೇ ಬದಲಾಗಬಲ್ಲದು. ಆದ್ದರಿಂದ ಮೊದಲು ಟೈಮಿಂಗ್ ಹಿಂದೆ ಸರಿಯಬೇಕು, ಜೊತೆಗೇ ಬೂಸ್ಟ್ ಇಳಿಯಬೇಕು. ಒಮ್ಮೆ ಇಳಿದ ಬೂಸ್ಟ್ ಆಕ್ಸಲರೇಟರ್ ಬಿಡುವ ತನಕ ಮರಳಬಾರದು.

ಪರೀಕ್ಷೆಗೆ ರಸ್ತೆ ಬೇಡ. ನಾಝಲ್ ಬಿಚ್ಚಿ ಅಳತೆಯ ಜಾಡಿಯೊಳಗಿಟ್ಟು, ಬರಿಯ ನೀರು ತುಂಬಿ, ಕಂಟ್ರೋಲರಿನ ಟೆಸ್ಟ್ ಗುಂಡಿ ಒತ್ತಿದರೆ ಮೊದಲ ಹನಿಗೆ ಹಿಡಿದ ಹೊತ್ತು ಕಣ್ಣಿಗೇ ಕಾಣುತ್ತದೆ. ಒಂದು ರಾತ್ರಿ ಹಾಗೇ ಬಿಟ್ಟು ಮತ್ತೆ ಒತ್ತಿದಾಗ ಆ ಹೊತ್ತು ಬೆಳೆದಿದ್ದರೆ ಪೈಪು ಬರಿದಾಗುತ್ತಿದೆ ಎಂದೇ ಅರ್ಥ. ನಾಝಲ್‌ಗೆ ಮೊದಲು ಒಂದು ಬಾಲ್ ವಾಲ್ವ್ ಸೇರಿಸಿ, ನೀರು ಹರಿಯುತ್ತಿರುವಾಗಲೇ ಮುಚ್ಚಿ, ಔಟ್‌ಪುಟ್ ತಂತಿಯ ವೋಲ್ಟೇಜ್ ಎಷ್ಟು ಮಿಲಿಸೆಕೆಂಡಿಗೆ ಬದಲಾಯಿತೆಂದು ಅಳೆಯಬೇಕು. ಆಮೇಲೆ ಸೆನ್ಸರಿನ ಪ್ಲಗ್ಗನ್ನೇ ಕಿತ್ತು ನೋಡಬೇಕು. ಪ್ಲಗ್ ಕಿತ್ತರೂ ದೀಪ ಹತ್ತದ ವ್ಯವಸ್ಥೆಯಲ್ಲಿ ತುಂಡಾದ ತಂತಿಯೂ ಎಲ್ಲ ಸರಿಯಿದೆ ಎಂಬ ಸಂಕೇತವನ್ನೇ ಕೊಡುತ್ತದೆ. ಅದನ್ನು ಸರಿಪಡಿಸುವ ತನಕ ಬೂಸ್ಟ್ ಏರಿಸಿದ ಟ್ಯೂನನ್ನು ಹಾಕುವಂತಿಲ್ಲ.